ಮಾವನ ಮೊಂಡು ಹಿಮ್ಮಡಿ

ನಮ್ಮ ಸೋದರಮಾವನಷ್ಟು ಕೆಟ್ಟ ಬಾಯಿಯ ಮನುಷ್ಯ ನಾಗಮಂಗಲ ತಾಲ್ಲೂಕಿನಲ್ಲೇ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ಅವನಿಗೂ ಇವನೇ ಗುರುವಾಗಿರಬೇಕು. ಹೊಣಕೆರೆಯಲ್ಲಿ ಬಡಗಿ. ತೊಂಬತ್ತರ ದಶಕದ ಆರಂಭದಲ್ಲಿ ಯಾರದೋ ಮನೆಯ ಸೂರು ಕಟ್ಟುವಾಗ ಬಿದ್ದು ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಬಾಯಿಯೂ ಉಳಿಯಿತು. ಬಲಗಾಲು ಮಾತ್ರ ತೊಲೆಯಂತೆ ಸೆಟೆದುಕೊಂಡಿತು. ಹಿಮ್ಮಡಿ ನೆಲ ಮುಟ್ಟದು, ತುದಿಗಾಲಿನಲ್ಲೇ ನಡೆಯಬೇಕು.

ಮೈಸೂರಿನ ಡಾಕ್ಟರು, "ಕಾಲಿನಲ್ಲಿ ದೋಷ ಇಲ್ಲ. ಬಿಗಿ ಸಡಿಲಿಸು ಅಂತ ಮಿದುಳು ಹೇಳ್ತಾ ಇಲ್ಲ, ಅಷ್ಟೇ" ಎಂದರು.

ಮಾವ ನನ್ನ ಕಡೆ ತಿರುಗಿದ. "ನೋಡ್ಲಾ, ಮೇಲಿನೋರು ಯೋಳ್ದೆ ಇದ್ರೆ ಕೆಳಗಿನೋರು ಕೆಲ್ಸ ಮಾಡಕಿಲ್ಲ. ನಿಮ್ಮ ತಾಲ್ಲೂಕಾಪೀಸು ಇದ್ದಂಗೇಯ."

ನಾನು ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ.

ದಿನಾ ಬೆಳಿಗ್ಗೆ ಅತ್ತೆ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಬಗ್ಗಿಸುತ್ತಿದ್ದಳು. ಅವನು ಬೈಯುತ್ತಿದ್ದ, ಅವಳು ಎಣಿಸುತ್ತಿದ್ದಳು. "ಬೈಗಳು ನಿಂತ್ರೆ ನಂಗೆ ಲೆಕ್ಕ ತಪ್ಪೋಯ್ತದೆ ಕಣಪ್ಪ" ಎನ್ನುತ್ತಿದ್ದಳು.

ಹೀಗಿರುವಾಗ ನನಗೆ ಹೆಣ್ಣು ನೋಡಲು ಕೆ.ಆರ್. ಪೇಟೆಗೆ ಹೋದೆವು. ಕಾಲು ಮರ್ಯಾದೆ ತೆಗೆಯಬಾರದೆಂದು ಮಾವ ಬಿಗಿ ಸಡಿಲಿಸುವ ಮಾತ್ರೆಯನ್ನು ಒಂದರ ಬದಲು ಮೂರು ನುಂಗಿದ್ದ. ಆ ಸೆಟೆತದ ಬಲದಲ್ಲೇ ಅವನು ನಿಲ್ಲುತ್ತಿದ್ದುದು ಎಂದು ನಮಗೇನು ಗೊತ್ತು? ಹೆಣ್ಣಿನ ಮನೆಯ ಹೊಸ್ತಿಲಲ್ಲೇ ಕಾಲು ಒದ್ದೆ ಪಂಚೆಯಂತೆ ಮಡಚಿಕೊಂಡಿತು. ಮಾತೂ ತೊದಲಿತು.

"ಬೆಳಗ್ಗೇನೇ ಏರಿಸ್ಕಂಡ್ ಬಂದವ್ರೆ" ಎಂದು ಯಾರೋ ಗೊಣಗಿದರು.

"ಇವ್ರು ಯಾರು?" ಹೆಣ್ಣಿನ ಅಪ್ಪ ನನ್ನನ್ನು ಕೇಳಿದರು.

"ನಮ್ಮೂರ ಕಡೆಯೋರು" ಎಂದೆ.

ಮಾವನಿಗೆ ಕೇಳಿಸಿತು. ಬೈಯಲಿಲ್ಲ. ಸಂಬಂಧ ಹೇಗೂ ಕೂಡಲಿಲ್ಲ. ಸುಳ್ಳು ಮಾತ್ರ ನನ್ನ ಪಾಲಿಗೆ ಉಳಿಯಿತು.

ಆಮೇಲೆ ಡಾಕ್ಟರು ಮೀನಖಂಡದ ನರಕ್ಕೆ ಇಂಜೆಕ್ಷನ್ ಕೊಟ್ಟು, ಪಾದ ಬಗ್ಗಿಸಿ ಪ್ಲಾಸ್ಟರು ಹಾಕಿದರಂತೆ. ವಾರಕ್ಕೊಮ್ಮೆ ಬಿಚ್ಚಿ, ಇನ್ನಷ್ಟು ಬಗ್ಗಿಸಿ ಮತ್ತೆ ಹಾಕಿದರಂತೆ. ಎಲ್ಲವೂ 'ಅಂತೆ', ಏಕೆಂದರೆ ಮೂರು ತಿಂಗಳು ನಾನು ಆ ಕಡೆ ಸುಳಿಯಲಿಲ್ಲ. ಕಚೇರಿಯಲ್ಲಿ ಕೆಲಸವೆಂದು ಹೇಳಿಕಳಿಸಿದೆ. ತಾಲ್ಲೂಕು ಕಚೇರಿಯಲ್ಲಿ ಕೆಲಸ!

ಕೊನೆಗೊಂದು ಭಾನುವಾರ ಹೋದೆ. ಮಾವ ಅಂಗಳದಲ್ಲಿ ಗೋಡೆ ಹಿಡಿದು ನಿಂತಿದ್ದ. ಹಿಮ್ಮಡಿ ನೆಲದ ಮೇಲಿತ್ತು.

"ಮಾವ, ಅವತ್ತು ನಾನು..."

"ಸುಮ್ಕಿರ್ಲಾ."

ಅತ್ತೆ ಕೈ ಹಿಡಿಯಲು ಬಂದಳು. ಅವಳನ್ನು ತಡೆದು, ನನ್ನ ಭುಜದ ಮೇಲೆ ಕೈಯೂರಿದ. "ಬೀಳಿಸ್ದೆ ಅಂದ್ರೆ ಸಾಯಿಸ್ಬುಡ್ತೀನಿ. ನಡಿ ಅಳಿಯ."

ಅಂಗಳದುದ್ದಕ್ಕೂ ನಡೆದೆವು. ಅವನು ತನ್ನ ಕಾಲನ್ನೇ ನೋಡಿಕೊಂಡು ಹೆಜ್ಜೆಯಿಡುತ್ತಿದ್ದ. ನಾನೂ ಅದನ್ನೇ ನೋಡುತ್ತಿದ್ದೆ. ತಲೆ ಎತ್ತುವ ಧೈರ್ಯ ನನಗಿರಲಿಲ್ಲ.