ಸೀಟು ಹಿಡಿದ ಮೆದುಳು

ಒಂದು ವಿಷಯವನ್ನು ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಅದು ತನ್ನಲ್ಲೂ ಹೇರಳವಾಗಿದೆ ಎಂಬ ಭ್ರಮೆ ಬರುತ್ತದೆ. ನಾನು ಬಬಲೇಶ್ವರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುವವನು. ಮೆದುಳಿನ ದೊಡ್ಡ ಭಾಗವಾದ ಮಹಾಮಸ್ತಿಷ್ಕ ನನ್ನ ಅಚ್ಚುಮೆಚ್ಚಿನ ಪಾಠ. ಎರಡು ಅರ್ಧಗೋಳ, ಅವನ್ನು ಬೆಸೆಯುವ ನರತಂತುಗಳ ದಪ್ಪ ಪಟ್ಟಿ, ಒಂದೊಂದರಲ್ಲೂ ನಾಲ್ಕು ಹಾಲೆ. ಹಣೆಯ ಹಿಂದಿನ ಹಾಲೆ ವಿವೇಚನೆಗೆ, ಕಿವಿಯ ಪಕ್ಕದ್ದು ನೆನಪಿಗೆ. ಪುಸ್ತಕ ನೋಡದೆ ಚಿತ್ರ ಬರೆಯಬಲ್ಲೆ. ಮನೆಯಲ್ಲಿ ಮಾತ್ರ ಈ ಪಾಂಡಿತ್ಯಕ್ಕೆ ಕಿಮ್ಮತ್ತಿಲ್ಲ. ಪುಂಡಿಪಲ್ಯದ ಸೊಪ್ಪು ತರಲು ಹೋಗಿ ಚೀಲವನ್ನೂ ಅಲ್ಲೇ ಬಿಟ್ಟು ಬಂದ ಗಂಡನ ಬಗ್ಗೆ ನನ್ನ ಹೆಂಡತಿ ಶಾಂತಾಳಿಗೆ ಅವಳದೇ ಅಭಿಪ್ರಾಯವಿದೆ.

ಹೋದ ತಿಂಗಳು ವಿಜಯಪುರದಲ್ಲಿ ಶಿಕ್ಷಕರ ಮುಂದೆ ಮಾದರಿ ಪಾಠ ಮಾಡಬೇಕೆಂದು ನನಗೆ ಕರೆ ಬಂತು. ನಮ್ಮ ಕಾಲೇಜಿಗೆಲ್ಲ ಇರುವುದು ಒಂದೇ ಮೆದುಳು, ಪ್ಲಾಸ್ಟಿಕ್ಕಿನದು. ಹೋದರೆ ಬೇರೆ ಇಲ್ಲವೆಂದು ಪ್ರಾಚಾರ್ಯರು ಎರಡೆರಡು ಸಲ ಹೇಳಿ ಕೊಟ್ಟರು. ಟವೆಲ್ಲಿನಲ್ಲಿ ಸುತ್ತಿಕೊಂಡು ಹಿಂದಿನ ಸಂಜೆ ಬಬಲೇಶ್ವರದ ಬಸ್‌ಸ್ಟ್ಯಾಂಡಿಗೆ ಬಂದೆ. ಅಂದು ಸಂತೆ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ. ಹಾಗೆ ಹಾಕಿದ ಟವೆಲ್ಲಿನ ಮೇಲೆ ಇನ್ನೊಬ್ಬರು ಕೂಡುವುದಿಲ್ಲ. ನಾನೂ ಕೈ ಚಾಚಿ ಗಂಟನ್ನು ಮೆಲ್ಲಗೆ ಸೀಟಿನ ಮೇಲಿಟ್ಟೆ. ಬಾಗಿಲಲ್ಲಿ ನೂಕುನುಗ್ಗಲು. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಜೀಪಿನಿಂದ ಕೂಗಿ ಕರೆದರು. ಖುಷಿಯಿಂದ ಹತ್ತಿದೆ. ನೆನಪು ಮೆದುಳಿನಲ್ಲಿ ಹೇಗೆ ಉಳಿಯುತ್ತದೆ ಎಂಬುದನ್ನು ದಾರಿಯುದ್ದಕ್ಕೂ ಅವರಿಗೆ ವಿವರಿಸಿದೆ.

ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಶಾಂತಾ ಚಹಾ ಕೈಗಿಟ್ಟು ಕೇಳಿದಳು: “ನಾಳಿನ ಮೆದಳ ಎಲ್ಲೈತ್ರಿ?”

ಚಹಾ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿದೆ. ನಾಳೆಯ ಸಭೆ, ಪ್ರಾಚಾರ್ಯರ ಮುಖ ಎರಡೂ ಕಣ್ಣ ಮುಂದೆ ಬಂದವು. ಊರೂರಿಗೆ ನಿಂತು ಬರುವ ಆ ಬಸ್ಸು ಆಗಷ್ಟೇ ಬಂದಿತ್ತು. ಗಂಟು ಇಟ್ಟಲ್ಲೇ ಇತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಅದರ ಮೇಲೆ ಕೈಯಿಟ್ಟು ನಿಂತಿದ್ದಳು.

“ನಿಮ್ಮ ಗಂಟ ಆರಾಮ ಕುಂತ ಬಂತ್ರಿ ಸರ,” ಎಂದ ಕಂಡಕ್ಟರ್. “ಈ ಆಯಿ ನಿಂತ ಬಂದಾಳ.”

ಟವೆಲ್ ಹಾಕಿದವರು ಹಿಂದೆಲ್ಲೋ ನಿಂತಿರಬೇಕು ಎಂದುಕೊಂಡಿದ್ದಳಂತೆ. ತಿರುವಿನಲ್ಲಿ ಬೀಳುತ್ತದೆಂದು ಹಿಡಿದುಕೊಂಡೂ ಬಂದಿದ್ದಳು. ಒಳಗೇನಿದೆ ಎಂದು ಕೇಳಿದಳು. ಮೆದುಳು ಎಂದೆ. ಅವಳು ನಗಲಿಲ್ಲ, ನಕ್ಕಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮಾದರಿ ಪಾಠ ಚೆನ್ನಾಗಿಯೇ ಆಯಿತು. ಅದರ ಮರುದಿನ ಮುಂಜಾನೆ ಮೆದುಳನ್ನು ತೊಡೆಯ ಮೇಲಿಟ್ಟುಕೊಂಡು ಬಬಲೇಶ್ವರಕ್ಕೆ ಹೊರಟೆ. ಅದೇ ಕಂಡಕ್ಟರ್. ಬಸ್ಸು ತುಂಬಿದ ಮೇಲೆ ಅದೇ ಮುದುಕಿ ಹತ್ತಿದಳು. ಋಣ ತೀರಿಸುವವನಂತೆ ಎದ್ದು ಸೀಟು ಬಿಟ್ಟುಕೊಟ್ಟೆ. ಕೂತವಳು ಗಂಟನ್ನೂ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ಬಬಲೇಶ್ವರಕ್ಕಿಂತ ಮೊದಲೇ, ತನ್ನ ಹೊಲದ ಹತ್ತಿರ ಇಳಿಯಲು ಎದ್ದಳು. ನಾನು ಕೈ ಚಾಚಿದೆ. ಒಮ್ಮೆ ಗಂಟನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಆಮೇಲೆ ನನ್ನನ್ನು ದಾಟಿ ಅದನ್ನು ಕಂಡಕ್ಟರನ ಕೈಗೆ ಕೊಟ್ಟಳು.

“ಸರ ಇಳಿಯೂ ಮುಂದ ನೆನಪ ಮಾಡಿ ಕೊಡಪಾ.”

ಇಪ್ಪತ್ತು ವರ್ಷದ ಅನುಭವಿಗೆ ಇಂಥ ಅವಮಾನವೇ ಎಂದು ನನಗೆ ಸಿಟ್ಟು ಬಂತು. ಮತ್ತೊಮ್ಮೆ ಸಿಕ್ಕಾಗ ಅವಳಿಗೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸುತ್ತ ಬಬಲೇಶ್ವರದಲ್ಲಿ ಇಳಿದು ಹತ್ತು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ಕಂಡಕ್ಟರ್ ಕೂಗಿದ.