ಸಸ್ಯಾಹಾರಿ ಡಾಕ್ಟರ ಜೊತೆ ಪೈಕ್ ಬೇಟೆ

ಇದನ್ನು ನಂಬಬೇಡಿ. ಹೇಳುವವನು ನಾನು, ನಾನೇ ಬೇಡ ಅನ್ನುತ್ತಿದ್ದೇನೆ. ಕೊನೆಯವರೆಗೂ ನಂಬದೆ ಇರುವುದು ನಿಮ್ಮಿಂದ ಆದರೆ ನೋಡಿಯೇ ಬಿಡೋಣ.

ತುಂಗಭದ್ರೆಯ ದಡದ ಹಳ್ಳಿಯವನು ನಾನು. ನಡೆಯಲು ಕಲಿಯುವ ಮೊದಲೇ ಹರಿಗೋಲು ಹತ್ತಿದವನು. ಅಂಥವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ಬಂದು, ದಿನಾ ರೈಲಿನಲ್ಲಿ ಡರ್ಬಿಗೆ ಹೋಗಿ ವಿಮಾನದ ಎಂಜಿನಿನ ಕೆಲಸ ಮಾಡಿಕೊಂಡು, ಶನಿವಾರ ಮನೆಯಲ್ಲಿ ಬಟ್ಟೆ ಮಡಚುತ್ತಾ ಕೂರುತ್ತಾನೆಯೇ? ಊರ ಮಧ್ಯದ ಕೆರೆಯಲ್ಲಿ ಪೈಕ್ ಹಿಡಿಯುವ ಕ್ಲಬ್ ಸೇರಿದೆ. ಸೇರಿದಂದಿನಿಂದ ಒಂದಲ್ಲ ಒಂದು ಆಗುತ್ತಲೇ ಇದೆ. ಒಂದು ಸಲವೂ ತಪ್ಪು ನನ್ನದಲ್ಲ.

ಪೈಕ್ ಎಂದರೆ ಮೊಸಳೆಯ ಮೂತಿ ಅಂಟಿಸಿದಂಥ ಹಸಿರು ಮೀನು. ಅಮೆರಿಕದ ಕೆರೆಗಳಲ್ಲಿ ಇದರ ಅಣ್ಣನೊಬ್ಬನಿದ್ದಾನಂತೆ, ಹೆಸರು ಮಸ್ಕಿ. ಮಸ್ಕಿ ನಮ್ಮ ರಾಯಚೂರು ಕಡೆಯ ಊರು. ಅದಕ್ಕಾಗಿ ಅಮೆರಿಕಕ್ಕೆ ಹೋಗುವ ದರ್ದು ನನಗಿಲ್ಲ. ತಮ್ಮನೇ ಸಾಕು. ಕ್ಲಬ್ಬಿನ ಮರದ ಶೆಡ್ಡಿನ ಗೋಡೆಯ ಮೇಲೆ ಇಪ್ಪತ್ತು ಪೌಂಡು, ಅಂದರೆ ಒಂಬತ್ತು ಕಿಲೋ, ದಾಟಿದ ಪೈಕ್ ಹಿಡಿದವರ ಫೋಟೋಗಳು ಸಾಲಾಗಿವೆ. ಮೊದಲ ದಿನವೇ ಅಲ್ಲೊಂದು ಖಾಲಿ ಮೊಳೆ ಕಂಡಿತು. ಅದು ನನ್ನದು ಎಂದು ಅಲ್ಲೇ ನಿಂತು ತೀರ್ಮಾನ ಮಾಡಿದೆ.

ನಿಂತು ಹುಟ್ಟು ಹಾಕಿದ್ದು

ಕ್ಲಬ್ಬಿನ ಕಾರ್ಯದರ್ಶಿ ಉಣ್ಣೆ ಟೋಪಿಯ ಒಬ್ಬ ಮುದುಕ. ಈ ಕಡೆಯವರು ಯಾರನ್ನೇ ಆಗಲಿ ಪ್ರೀತಿಯಿಂದ 'ಡಕ್', ಅಂದರೆ ಬಾತುಕೋಳಿ, ಅನ್ನುತ್ತಾರೆ, ನಮ್ಮಲ್ಲಿ 'ತಮ್ಮಾ' ಅಂದ ಹಾಗೆ. ಬಸ್ಸಿನ ಡ್ರೈವರಿಗೂ ನಾನು ಡಕ್ಕೇ, ತರಕಾರಿ ಮಾರುವ ಅಜ್ಜಿಗೂ ಡಕ್ಕೇ.

ಮುದುಕ ಕ್ಯಾನೂ ತೋರಿಸಿದ. ಇಬ್ಬರು ಹಿಂದೆ ಮುಂದೆ ಕೂರುವ ಸಪೂರ ದೋಣಿ, ಅವರೆಕಾಯಿ ಸಿಪ್ಪೆಯ ಹಾಗೆ.

"ಮೊದಲು ಹತ್ತಿದ್ದೀಯಾ, ಡಕ್?"

"ಹರಿಗೋಲಿನಲ್ಲಿ ಕುರಿ, ಮೋಟಾರ್ ಸೈಕಲ್, ಒಂದು ಸಲ ಪೂರ್ತಿ ಮದುವೆ ದಿಬ್ಬಣ ದಾಟಿಸಿದವನು ನಾನು."

"ಸರಿ. ಆದರೆ ಇದರಲ್ಲಿ ಕೂತೇ ಇರಬೇಕು."

ಕೂರುವುದು ಹೆಂಗಸರು, ಮಕ್ಕಳು, ಕುರಿ. ಹುಟ್ಟು ಹಾಕುವ ಗಂಡಸು ನಿಲ್ಲುತ್ತಾನೆ. ನಿಂತೆ. ಹರಿಗೋಲಿಗೆ ದುಂಡನೆಯ ಅಗಲ ತಳ, ಎತ್ತ ವಾಲಿದರೂ ಹೊರುತ್ತದೆ. ಕ್ಯಾನೂ ವಾಲಲಿಲ್ಲ, ನೇರವಾಗಿ ಮಗುಚಿತು. ನೀರೋ, ಹಿಮದಂಥ ನೀರು. ನಾನು ಹೆದರಲಿಲ್ಲ. ತುಂಗಭದ್ರೆಯ ಕೆಂಪು ಪ್ರವಾಹದಲ್ಲಿ ಆಚೆ ದಡ ಮುಟ್ಟಿದವನು; ತಲೆ ಎತ್ತಿ, ಕೈ ಬೀಸಿ, ದಡದ ಜನ ನೋಡಲಿ ಎಂದು ಒಳ್ಳೆ ಲಯದಲ್ಲಿ ಈಜತೊಡಗಿದೆ.

ದೋಣಿಕಟ್ಟೆಯ ಮೇಲಿಂದ ಮುದುಕ ಕೂಗಿದ: "ಎದ್ದು ನಿಂತುಕೋ, ಡಕ್. ಮೊಣಕಾಲಿನ ನೀರು."

ಮೊದಲ ಮೀನು

ಆಮೇಲೆ ಕೂತೇ ಹುಟ್ಟು ಹಾಕಿದೆ. ಎರಡನೇ ವಾರವೇ ಒಂದು ಪೈಕ್ ಬಿತ್ತು, ಮೊಳದುದ್ದದ್ದು. ಅದನ್ನು ಚೀಲಕ್ಕೆ ತುಂಬಲು ಹೊರಟರೆ ಮುದುಕ ಹೌಹಾರಿದ. ಇಲ್ಲಿ ಹಿಡಿದ ಮೀನನ್ನು ಬಿಡಬೇಕು. ಬಿಡುವುದೆಂದರೆ ಸುಮ್ಮನೆ ಬಿಸಾಡುವುದಲ್ಲ. ಮೆತ್ತನೆಯ ಹಾಸಿಗೆಯ ಮೇಲೆ ಮಲಗಿಸಬೇಕು, ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕು, ಕೊಕ್ಕೆ ತೆಗೆದ ಗಾಯಕ್ಕೆ ಔಷಧಿ ಹಚ್ಚಬೇಕು, ನೀರಿನಲ್ಲಿ ಹಿಡಿದುಕೊಂಡು ಅದಕ್ಕೆ ಚೇತರಿಕೆ ಬಂದ ಮೇಲೆ ಕಳುಹಿಸಿಕೊಡಬೇಕು. ನನಗೆ ಕೆಮ್ಮು ಬಂದಾಗ ಬಡಾವಣೆಯ ಡಾಕ್ಟರು ಇಷ್ಟು ಮಾಡಿರಲಿಲ್ಲ.

ಸಂಜೆ ಊರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಕಾಕಾ ಕೇಳಿದ: "ಹುರದ್ಯೋ, ಸಾರು ಮಾಡಿದ್ಯೋ?"

"ಬಿಟ್ಟೆ ಕಾಕಾ."

"ಯಾಕ, ಸತ್ತಿತ್ತೇನು?"

"ಇಲ್ಲ, ಚಲೋ ಇತ್ತು. ಇಲ್ಲಿ ಹಿಡದು ಬಿಡಬೇಕು."

ಕಾಕಾ, "ಅಷ್ಟು ದೂರ ಹೋಗಿ ಹಿಡದು ಬಿಡೂದು ಕಲತಿ. ದವಾಖಾನಿಗೆ ತೋರಿಸಿ ಬಿಡಬೇಕಿತ್ತಲ್ಲೋ" ಎಂದ.

ಔಷಧಿ ಹಚ್ಚಿದ ವಿಷಯ ನಾನು ಹೇಳಲಿಲ್ಲ.

ಕೆರೆಯ ನಡುವೆ ಡಾಕ್ಟರು

ದೀಪಾವಳಿ ಊಟಕ್ಕೆ ಕನ್ನಡದವರೆಲ್ಲ ಒಂದು ಸಭಾಂಗಣದಲ್ಲಿ ಸೇರಿದ್ದೆವು. ಅಲ್ಲಿ ನಾನು ಸಹಜವಾಗಿ ಪೈಕ್ ವಿಷಯ ಎತ್ತಿದೆ. "ಸಂಕ್ರಾಂತಿಯೊಳಗೆ ಇಪ್ಪತ್ತು ಪೌಂಡಿನದು ಹಿಡಿದು ಗೋಡೆಯ ಮೇಲೆ ಫೋಟೋ ಹಾಕಿಸದಿದ್ದರೆ ಕೇಳಿ."

ನನ್ನ ಮನೆ ಮಾಲೀಕರ ಹೆಂಡತಿ ಬಾಗಲಕೋಟೆ ಕಡೆಯವರು. ಕೇಳಿಯೇ ಬಿಟ್ಟರು. "ಹಾಕಿಸಲಿಲ್ಲ ಅಂದ್ರ?"

"ನೀವು ಹೇಳಿದ್ದು ಮಾಡ್ತೀನಿ ಅಕ್ಕಾರ."

"ಸಂಕ್ರಾಂತಿಗೆ ಇಷ್ಟೂ ಮಂದಿಗೆ ಸಜ್ಜಿ ರೊಟ್ಟಿ ನೀನ ಬಡೀಬೇಕು. ಎಲ್ಲಾರ ಮುಂದ, ಕೂತು."

ಸಭಾಂಗಣವೇ ನಕ್ಕಿತು. ನಮ್ಮ ಮನೆಯಲ್ಲಿ ಗಂಡಸರು ರೊಟ್ಟಿ ತಿನ್ನುತ್ತಾರೆ. ಅದು ಹೇಗೆ ದುಂಡಗಾಗುತ್ತದೆ ಎಂದು ವಿಚಾರಿಸುವುದಿಲ್ಲ. ಈ ಸುದ್ದಿ ಊರಿಗೆ ಮುಟ್ಟಿದರೆ ನಾನು ಮತ್ತೆ ಊರ ಅಗಸಿ ಬಾಗಿಲು ದಾಟುವಂತಿರಲಿಲ್ಲ.

ಕ್ಲಬ್ಬಿನದು ಒಂದು ನಿಯಮ: ಚಳಿಗಾಲದಲ್ಲಿ ಕ್ಯಾನೂಗೆ ಇಬ್ಬರಿರಬೇಕು, ಮೀನಿನ ತೂಕಕ್ಕೆ ಆ ಇನ್ನೊಬ್ಬನೇ ಸಾಕ್ಷಿ. ಮೊಣಕಾಲು ನೀರಿನ ಕಥೆ ಹಬ್ಬಿದ ಮೇಲೆ ನನ್ನ ಜೊತೆ ಕೂರಲು ಒಬ್ಬ ಇಂಗ್ಲಿಷಿನವನೂ ಒಪ್ಪಲಿಲ್ಲ. ಉಳಿದವರು ಅಕ್ಕಾರ ಯಜಮಾನರು, ಅದೇ ನನ್ನ ಮನೆ ಮಾಲೀಕರು: ಸರ್ಕಾರಿ ಆಸ್ಪತ್ರೆಯ ಸರ್ಜನ್, ಕೊರಳಲ್ಲಿ ಲಿಂಗ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು.

"ತಿನ್ನಂಗಿಲ್ಲ ಅಲ್ಲ? ಬಿಡ್ತಾರಲ್ಲ?" ಎಂದರು. "ಹಂಗಿದ್ರ ಬರ್ತೀನಿ. ಕೊಕ್ಕಿಗೆ ಏನು ಹಾಕ್ತಿ?"

"ಸತ್ತ ಬಂಗಡೆ ಡಾಕ್ಟ್ರ."

"ಹಂಗಾದ್ರ ಒಲ್ಲೆ."

ಕೊನೆಗೆ ಬಣ್ಣ ಬಳಿದ ಮರದ ಮೀನು ಕಟ್ಟಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಶುದ್ಧ ಎಂದು ಒಪ್ಪಿದ ಮೇಲೆಯೇ ಅವರು ಕ್ಯಾನೂ ಹತ್ತಿದ್ದು.

ಊರ ಮಧ್ಯದ ಕೆರೆಗೆ ಸುತ್ತಲೂ ನಡೆದಾಡುವ ದಾರಿ, ಬೆಂಚುಗಳು. ನಡುನೀರಿಗೆ ಬಂದೆವೋ ಇಲ್ಲವೋ, ದಡದಿಂದ ನಾಯಿ ಹಿಡಿದ ಒಬ್ಬಾತ ಕೈ ಮಾಡಿದ.

"ಡಾಕ್ಟರ್! ನನ್ನ ಹರ್ನಿಯಾ! ಹೋದ ವರ್ಷದಿಂದ ಕಾಯುತ್ತಿದ್ದೇನೆ! ನೀವು ತುಂಬಾ ಬ್ಯುಸಿ ಅಂತ ಹೇಳಿದರಲ್ಲ?"

ಡಾಕ್ಟರು ಚಕ್ಕನೆ ಕ್ಯಾನೂವಿನ ತಳಕ್ಕೆ ಮಲಗಿಬಿಟ್ಟರು. "ಹುಟ್ಟು ಹಾಕಪಾ, ಜಲ್ದಿ!"

ಆಚೆ ದಡಕ್ಕೆ ಒಯ್ದೆ. ದಾರಿ ಸುತ್ತಿಕೊಂಡು ಆತ ಅಲ್ಲೂ ಬಂದ, ನಾಯಿಯೂ ಬಂತು. ಹರ್ನಿಯಾ ಇಟ್ಟುಕೊಂಡು ಆ ನಡಿಗೆ ಮೆಚ್ಚಬೇಕಾದ್ದೇ. ಮತ್ತೆ ಈಚೆಗೆ ತಿರುಗಿಸಿದೆ, ಆತನೂ ತಿರುಗಿದ. ಕಡೆಗೆ ಕ್ಯಾನೂವಿನ ತಳದಿಂದ ಮೆಲ್ಲನೆ ದನಿ ಬಂತು: "ಹೋದ್ನೇನು?"

"ಇಲ್ಲ ಡಾಕ್ಟ್ರ. ಬೆಂಚಿನ ಮ್ಯಾಲೆ ಕೂತು ಸ್ಯಾಂಡ್‌ವಿಚ್ ಬಿಚ್ಚಾಕತ್ತಾನ."

ಇಪ್ಪತ್ತು ಪೌಂಡು

ಸಂಕ್ರಾಂತಿಗೆ ಮುಂಚಿನ ಶನಿವಾರ. ಮಧ್ಯಾಹ್ನ ಮುಗಿಯುವ ಮುಂಚೆಯೇ ಮಬ್ಬು ಕವಿದಿತ್ತು. ಡಾಕ್ಟರು ಮುಂದೆ ಕೂತು ಅವಲಕ್ಕಿ ಚೂಡಾ ತಿನ್ನುತ್ತಿದ್ದರು. ಮರದ ಮೀನಿಗೆ ಏನೋ ಗಬಕ್ಕನೆ ಬಾಯಿ ಹಾಕಿತು, ಕ್ಯಾನೂ ತಾನಾಗಿಯೇ ಹೊರಟಿತು. ಚೂಡಾ ಡಬ್ಬಿ ಕೆರೆಯ ಪಾಲಾಯಿತು. ನಾನು ಎಳೆದೆ, ಅದು ಎಳೆಯಿತು, ಒಬ್ಬರಿಗೊಬ್ಬರು ಸೋಲಲಿಲ್ಲ. ಕೊನೆಗೆ ಬಲೆಯೊಳಗೆ ಬಂತು ನೋಡಿ: ನನ್ನ ಕಾಲಷ್ಟು ಉದ್ದ, ತೊಡೆಯಷ್ಟು ದಪ್ಪ. ಇಪ್ಪತ್ತಲ್ಲ, ಇಪ್ಪತ್ತೈದು ಇದ್ದೀತು. ಗೋಡೆಯ ಮೊಳೆ ಕಣ್ಣ ಮುಂದೆ ಬಂತು.

ಕೊಕ್ಕೆ ಗಂಟಲಿನ ತನಕ ಇಳಿದಿತ್ತು. ಕೈ ಹಾಕಿದೆ. ಪೈಕಿನ ಬಾಯಿ ಗರಗಸ. ಎಡ ಅಂಗೈ ಸೀಳಿ ರಕ್ತ ಸುರಿಯಿತು.

"ಕೈ ತಗಿ" ಎಂದರು ಡಾಕ್ಟರು. ಆ ದನಿ ನಾನು ಮನೆಯಲ್ಲಿ ಕೇಳಿದ್ದಲ್ಲ. "ಫೋರ್ಸೆಪ್ಸ್."

ಉದ್ದನೆಯ ಇಕ್ಕಳ ಕೊಟ್ಟೆ.

"ಲೈಟ್."

ಫೋನಿನ ಟಾರ್ಚ್ ಹಿಡಿದೆ.

"ಅಲ್ಲಾಡಬ್ಯಾಡ. ಇನ್ನಷ್ಟು ಕೆಳಗ."

ಟಾರ್ಚ್ ತಗ್ಗಿಸಿದೆ. ಎರಡು ಸಲ ಮಣಿಕಟ್ಟು ತಿರುಗಿಸಿದರು, ಕೊಕ್ಕೆ ಹೊರಗೆ. ಕಿವಿರು ನೋಡಿದರು, ಔಷಧಿ ಹಚ್ಚಿದರು. "ಚಲೋ ಉಸಿರಾಡಾಕತ್ತೈತಿ" ಎಂದು ಬಲೆ ಬಗ್ಗಿಸಿದರು. ಮೀನು ಒಮ್ಮೆ ಬಾಲ ಬೀಸಿ ಹೊರಟುಹೋಯಿತು.

"ಡಾಕ್ಟ್ರ! ತೂಕ! ಫೋಟೋ!"

"ಅಯ್ಯ! ದಣದಿತ್ತಲ್ಲಪಾ ಪೇಷಂಟು."

ಇನ್ನೂ ಒಂದು ಆಸೆ ಉಳಿದಿತ್ತು. ದಡಕ್ಕೆ ಬಂದು ಮುದುಕನಿಗೆ ಎಲ್ಲ ಹೇಳಿದೆ. ಆತ ಒಳ್ಳೆಯವನು. "ಫೋಟೋ ಇಲ್ಲದಿದ್ದರೂ ಪರವಾಗಿಲ್ಲ, ಡಕ್. ಸರ್ಜನ್ ಅಂಥವರ ಮಾತು ನಂಬುತ್ತೇವೆ. ಡಾಕ್ಟರ್, ಮೀನು ಎಷ್ಟಿತ್ತು?"

ಡಾಕ್ಟರು ಪ್ರಾಮಾಣಿಕವಾಗಿ ಯೋಚಿಸಿದರು. "ಗಂಟಲು ಚೆನ್ನಾಗಿತ್ತು. ಬಲಗಡೆ ಸ್ವಲ್ಪ ಊತ. ಉಳಿದದ್ದು ನಾನು ನೋಡಲಿಲ್ಲ. ಆಪರೇಷನ್ ಮಾಡುವಾಗ ಆ ಜಾಗ ಬಿಟ್ಟು ಬೇರೆ ಕಡೆ ನೋಡುವ ಅಭ್ಯಾಸ ನನಗಿಲ್ಲ."

"ದೊಡ್ಡದೋ ಸಣ್ಣದೋ?"

"ಮೀನು" ಎಂದರು ಡಾಕ್ಟರು. "ಖಂಡಿತ ಮೀನು."

ಮುದುಕ ಟೋಪಿ ಸರಿಮಾಡಿಕೊಂಡು ಶೆಡ್ಡಿಗೆ ಬೀಗ ಹಾಕಿದ. ನಾನು ರಕ್ತ ಸೋರುವ ಕೈ ಮುಂದೆ ಹಿಡಿದೆ. "ಡಾಕ್ಟ್ರ, ಇದು?"

"ಇದಾ?" ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನಾ ಹಿಂಗ ದಾರ್ಯಾಗ ನೋಡಂಗಿಲ್ಲಪಾ. ತುರ್ತು ವಿಭಾಗಕ್ಕ ಹೋಗು. ಕ್ಯೂ ಇರ್ತೈತಿ."

ಇತ್ತು. ಕೈಗೆ ಪಂಚೆ ಉಡಿಸಿದಂತೆ ಟವೆಲ್ ಸುತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ನನ್ನ ಮುಂದೆ ಕಾಲು ಉಳುಕಿದವರು, ಹಣೆ ಒಡೆದವರು, ಸುಮ್ಮನೆ ಬಂದವರು. ನಡುವೆ ಅಕ್ಕಾರ ಫೋನ್ ಬಂತು.

"ಯಾವ ಕೈ?"

"ಎಡಗೈ ಅಕ್ಕಾರ. ಭಾಳ ನೋವು."

"ರೊಟ್ಟಿ ಬಡಿಯೂದು ಬಲಗೈಲೆ. ಹಿಟ್ಟು ಬೀಸಿಸಿ ಇಟ್ಟೀನಿ."

ಪೈಕಿಗೆ ಒಂದೇ ನಿಮಿಷಕ್ಕೆ ಸರ್ಜನ್ ಸಿಕ್ಕಿದ್ದ. ನನ್ನ ಹೆಸರು ಕೂಗುವ ಹೊತ್ತಿಗೆ ಕುರ್ಚಿಗಳೆಲ್ಲ ಖಾಲಿ. ನರ್ಸಮ್ಮ ಗಾಯ ತೊಳೆದು, ಏನು ಕಚ್ಚಿತು ಎಂದು ಕೇಳಿದರು. ಇಪ್ಪತ್ತೈದು ಪೌಂಡಿನ ಪೈಕ್ ಎಂದೆ.

"ಹೌದಾ, ಡಕ್" ಎಂದು, ಎಡತೋಳಿಗೆ ಒಂದು ಧನುರ್ವಾಯು ಇಂಜೆಕ್ಷನ್ ಕೊಟ್ಟರು. ಬಲತೋಳು ರೊಟ್ಟಿಗೆ ಉಳಿಯಿತು.