ಅಜ್ಜಿಗೆ ಫುಕಟ್ ವೈಫೈದಾಗ ವಿಮಾನ ತೋರಿಸಿದ್ದು

ನಮ್ಮ ಮನ್ಯಾಗ ನಾಚಿಕಿಗೇಡಿನ ಕೆಲಸ ಯಾರರ ಮಾಡ್ಲಿ, ನಾಚ್ಕೊಳ್ಳೋ ಪಾಳಿ ಮಾತ್ರ ನಂದೇ. ಹೊರಗ ಹೋದಾಗೊಮ್ಮೆ ಹಿಂಥಾದ್ದು ಏನರ ಒಂದು ಆಗೇ ಆಗ್ತೈತಿ. ಅದಕ್ಕ ನಾ ಎಲ್ಲಿ ಹೋದ್ರೂ ಒಂದು ಪುಸ್ತಕ ಹಿಡ್ಕೊಂಡು ಹೋಗ್ತೀನಿ. ಓದಾಕೂ ಆತು, ಮಾರಿ ಮುಚ್ಕೊಳ್ಳಾಕೂ ಆತು. ಈ ಪುಣೆ ಪ್ರಯಾಣದ್ದು ಮಾತ್ರ ಇಲ್ಲೀತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ.

ಪುಣೆದಾಗಿರೋ ನಮ್ಮ ಅತ್ತಿ, ಅಂದ್ರ ಅಜ್ಜಿ ಮಗಳು, ತುಂಬಿದ ಬಸುರಿ. ಹೆರಿಗಿಗೆ ತೆಲುಗು ಸೀಮ್ಯಾಗ ನಾವಿರೋ ದಿಲ್‌ಸುಖ್‌ನಗರಕ್ಕ, ತವರಿಗೆ ಬರಬೇಕಾದಾಕಿ. ಡಾಕ್ಟರ್ ಪ್ರಯಾಣ ಬ್ಯಾಡ ಅಂದ್ರು. ಹಂಗಾಗಿ ತವರೇ ಆಕಿ ಕಡೆ ಹೋಗಬೇಕಾತು. "ಅವ್ವಾ, ನೀ ಬಾಜೂಕ ಇರಲಿಲ್ಲಂದ್ರ ನನ್ನ ಕೈಲೆ ಆಗಂಗಿಲ್ಲ," ಅಂತ ಅತ್ತಿ ಫೋನಿನ್ಯಾಗ ಅಳಾಕತ್ತಿದ್ಲು. ಅಜ್ಜಿಗೆ ಅಷ್ಟು ದೂರ ಬಸ್ಸು ಆಗಂಗಿಲ್ಲ. ವಿಮಾನ ಅಂದ್ರ ಜೀವಾನೇ ಹೋಗ್ತೈತಿ.

"ಮೊದಲ ತಾಯಿ ಮಗಳು ಹೋಗ್ರಿ," ಅಂದ್ಲು ಅಜ್ಜಿ ಅವ್ವಗೂ ನನಗೂ. "ಈ ಹುಡುಗಿ ನನಗ ಫೋನಿನ್ಯಾಗ ಎಲ್ಲಾ ತೋರಸಲಿ. ಕಣ್ಣಾರೆ ನೋಡಿ ಆಮ್ಯಾಲ ಬರೋದು ಬಿಡೋದು ಹೇಳ್ತೀನಿ."

ಅಂದ್ರ ಅತ್ತಿ ಬಾಣಂತನ ನನ್ನ ವಿಡಿಯೋ ಕಾಲಿನ ಮ್ಯಾಲ ನಿಂತಿತ್ತು. ನಾನೋ, ಪಾರ್ಸೆಲ್ ತರೋ ಅಣ್ಣಗ ಮನಿ ದಾರಿ ಹೇಳಾಕೂ ಅವ್ವನ ಕೈಗೆ ಫೋನ್ ಕೊಡಾಕಿ.

೧. ವೈಫೈ ಕಂಬ

"ಫುಕಟ್ ವೈಫೈ ಇರೂಮುಂದ ನಮ್ಮ ಡೇಟಾ ಯಾಕ ಸುಡಬೇಕು?" ಅಂದ್ಲು ಅವ್ವ. ಆ ಫುಕಟ್ ವೈಫೈ ಏರ್‌ಪೋರ್ಟ್ ತುಂಬ ಬರೇ ಗರಗರ ತಿರಗತಿತ್ತು. ಗಟ್ಟಿ ಸಿಕ್ಕಿದ್ದು ಒಂದೇ ಕಂಬದ ಕೆಳಗ. ಆ ಕಂಬ ಇದ್ದದ್ದು ಗಂಡಸರ ಟಾಯ್ಲೆಟ್ ಎದುರಿಗೆ.

ಅಜ್ಜಿಗೆ ವಿಡಿಯೋ ಹಚ್ಚಿ ಫೋನ್ ಎತ್ತಿ ಹಿಡ್ಕೊಂಡು ನಿಂತೆ. ಒಳಗಿಂದ ಬಂದ ಒಬ್ಬ ಅಂಕಲ್ ಕಣ್ಣು ಕೆಂಪಗ ಮಾಡಿ, "ಏಂಟಮ್ಮಾ, ಇಕ್ಕಡ ವೀಡಿಯೋ ತೀಸ್ತುನ್ನಾವಾ?" ಅಂದ್ರು. ಇಲ್ಲಿ ವಿಡಿಯೋ ಹಿಡಿಯಾಕತ್ತೀ ಏನು ಅಂತ! ನನಗ ತೆಲುಗೂ ಮರ್ತುಹೋತು, ಕನ್ನಡಾನೂ ಮರ್ತುಹೋತು.

ಅಷ್ಟರಾಗ ಸ್ಪೀಕರಿನ್ಯಾಗ ಅಜ್ಜಿ ಒದರಿದ್ಲು: "ಅದೇ ಏನವಾ ವಿಮಾನ? ಬಾಗಲಾ ಭಾಳ ಸಣ್ಣದೈತಿ. ನೋಡು, ನೋಡು, ಅವಸರ ಮಾಡ್ಕೊಂಡು ಒಳಗ ಹೋದವರೆಲ್ಲ ಅಂಜಿ ಹೊರಗ ಓಡಿ ಬರಾಕತ್ತಾರ!"

೨. ನಮ್ಮ ಭಾಷಾ ಯಾರಿಗೆ ತಿಳೀತೈತಿ

ಗೇಟಿನ ಹತ್ತಿರ ಕೂತಾಗ ಆ ವೈಫೈ ಅಲ್ಲೂ ಒಂದೀಟು ಸಿಕ್ತು, ಅಜ್ಜಿಗೆ ಮತ್ತ ವಿಡಿಯೋ ಹಚ್ಚಿದೆ. "ಸಣ್ಣಗ ಮಾತಾಡು ಅಜ್ಜಿ," ಅಂದೆ. "ಅಲ್ಲಿ ಕನ್ನಡ ಯಾರಿಗೆ ತಿಳೀತೈತಿ ಬಿಡ," ಅಂದ್ಲು ಆಕಿ.

ನನ್ನ ಹಿಂದಿಂದ ಬಿಳೀ ಅಂಗಿ, ಹೆಗಲ ಮ್ಯಾಲ ಬಂಗಾರದ ಪಟ್ಟಿ ಹಾಕ್ಕೊಂಡ ಪೈಲಟ್ ಬಂದ್ರು. ಅವ್ವ ಅಜ್ಜಿಗೆ ತೋರಿಸಿದ್ಲು, "ನೋಡ್ರಿ ಅತ್ತೀ, ಇವರೇ ಹಾರಸೋರು."

"ಅಯ್ಯ ಶಿವನ! ಈ ಕೂಸ? ಇನ್ನೂ ಮೀಸಿ ಬಂದಿಲ್ಲ! ಇಂವಗ ಸೈಕಲ್ಲರ ಹೊಡೆಯಾಕ ಬರ್ತೈತೇನು ಕೇಳು!"

ಪೈಲಟ್ ಅಲ್ಲೇ ನಿಂತ್ರು. ಬಗ್ಗಿ ಫೋನಿನೊಳಗ ನೋಡಿ, "ಅಜ್ಜೀ, ನಾ ಧಾರವಾಡದಾಂವ. ಮೀಸಿ ಬೋಳಿಸೀನಿ, ಅಷ್ಟ," ಅಂದ್ರು.

ನಾ ಪುಸ್ತಕದೊಳಗ ಹೊಕ್ಕೆ. ಪುಸ್ತಕ ತಲಿಕೆಳಗ ಇತ್ತು. ಅಜ್ಜಿಗೆ ಮಾತ್ರ ಒಂದಿಷ್ಟೂ ನಾಚಿಕಿಲ್ಲ. ದನಿ ಸಣ್ಣ ಮಾಡಿ ಕೇಳಿದ್ಲು: "ಹೌದೇನಪಾ? ನೀ ಇಂಥಾ ಕೆಲಸ ಮಾಡಾಕತ್ತೀದಿ ಅಂತ ನಿಮ್ಮವ್ವಗ ಗೊತ್ತೈತೇನು?"

೩. ಪಿಸುಮಾತು

ವಿಮಾನ ಹತ್ತಾಕ ಹೊಂಟಾಗ ಏರ್‌ಪೋರ್ಟಿನ ವೈಫೈ ಹೋತು. ಅಜ್ಜಿ ಏನೋ ಕೇಳಾಕತ್ತಿದ್ಲು, ಅರ್ಧಕ್ಕ ನಿಂತ್ಲು. ಮ್ಯಾಲ ಹೋದ ಮ್ಯಾಗ ನೋಡಿದ್ರ ವಿಮಾನದಾಗೂ ಒಂದು ಫುಕಟ್ ವೈಫೈ. ಅದರಾಗ ವಿಡಿಯೋ ಹೋಗಂಗಿಲ್ಲ, ಬರೇ ಮೆಸೇಜು. "ಅಂಜಿರ್ತಾರ, ದನಿ ರೆಕಾರ್ಡ್ ಮಾಡಿ ಕಳಸು," ಅಂದ್ಲು ಅವ್ವ.

ಬಾಜೂಕ ಕೂತವರಿಗೆ ಕೇಳಬಾರದಂತ ನಾ ಫೋನ್ ಬಾಯಿಗೆ ಹಚ್ಚಿ ಪಿಸುಗುಟ್ಟಿದೆ: "ಅಜ್ಜಿ, ವಿಮಾನ ಹತ್ತೂಮುಂದ ಕಾಲ್ ಕಟ್ ಆತು. ಗಾಬರಿ ಆಗಬ್ಯಾಡ. ಈಗ ಆರಾಮ ಅದೀನಿ."

ಮೆಸೇಜು ಹೋತು. ಹಿಂದಿಂದೇ ಆ ವೈಫೈನೂ ಹೋತು.

ಪುಣೆದಾಗ ಇಳಿದು ಫೋನ್ ತೆಗೆದ್ರ ಮನಿಯಿಂದ ಮಿಸ್ಡ್ ಕಾಲ್ ಸಾಲಹಚ್ಚಿ ನಿಂತಿದ್ವು. ಆಫೀಸಿನ್ಯಾಗಿದ್ದ ಅಪ್ಪಂದು ಒಂದೇ ಮೆಸೇಜು: "ಯಾವ ಕಾಲು?"

ನನಗ ತಿಳೀಲಿಲ್ಲ. ನನ್ನ ಪಿಸುಮಾತು ನಾನೇ ತಿರಗಿ ಕೇಳಿದೆ. ತಿಳೀತು.

ಸಾಮಾನು ಬರೋ ಬೆಲ್ಟಿನ ಹತ್ತಿರ ನಿಂತು ಅಜ್ಜಿಗೆ ವಿಡಿಯೋ ಹಚ್ಚಿದೆ. ಅಜ್ಜಿ ಅತ್ತು ಅತ್ತು ಮಾರಿ ಬಾತಿತ್ತು. ಬಾಜೂ ಮನಿ ಆಂಟಿ ಗಾಳಿ ಬೀಸಾಕತ್ತಿದ್ರು.

"ಅಜ್ಜಿ, ಕಾಲ್ ಅಂದ್ರ ಫೋನು. ಫೋನ್ ಕಟ್ ಆತು ಅಂದೆ."

"ಮುಚ್ಚಬ್ಯಾಡ ನನ್ನವ್ವಾ. ದನಿಯೊಳಗ ಜೀವ ಇರಲಿಲ್ಲ, ನಾ ಕೇಳೀನಿ. ಕಾಲ ತೋರಸು."

ಆ ಕಡೆ ಈ ಕಡೆ ನೋಡಿ, ಬಲಗಾಲು ಎತ್ತಿ ಫೋನಿಗೆ ಹಿಡಿದೆ.

"ಇನ್ನೊಂದು?"

ಬಲಗಾಲು ಇಳಿಸಿ ಎಡಗಾಲು ಎತ್ತಿದೆ.

"ಅದೇ ಕಾಲ ತಿರಗಿ ತೋರಸಾಕತ್ತೀ! ನನ್ನ ಹುಚ್ಚಿ ಮಾಡ್ತಿಯೇನು? ಎರಡೂ ಕೂಡೇ ತೋರಸು!"

"ತೋರಿಸಿಬಿಡ ಮಾರಾಯ್ತಿ, ಬಿಪಿ ಏರ್ತೈತಿ ಅವರಿಗೆ," ಅಂತ ಅವ್ವ ನನ್ನ ಸಾಮಾನಿನ ಗಾಡಿ ಮ್ಯಾಲ ಕುಂಡ್ರಿಸಿ ಫೋನ್ ಇಸ್ಕೊಂಡ್ಲು. ಕ್ಲಾಸಿನ್ಯಾಗ ಉತ್ತರ ಗೊತ್ತಿದ್ರೂ ಒಂದು ಕೈ ಎತ್ತದಾಕಿ ನಾ, ಪುಣೆ ಏರ್‌ಪೋರ್ಟಿನ ನಟ್ಟನಡುವ ಎರಡೂ ಕಾಲು ಎತ್ತಿದೆ. ಪುಣೆ ವೈಫೈಗೂ ಅದೇ ಹೊತ್ತಿಗೆ ನಿಂತುಬಿಡೋದಿತ್ತು.

"ಇಳಿಸಬ್ಯಾಡ, ಚಿತ್ರ ನಿಂತೈತಿ," ಅಂದ್ಲು ಅವ್ವ.

ಬೆಲ್ಟಿನ ಮ್ಯಾಲ ಬ್ಯಾಗು ತಿರಗಾಕತ್ತಿದ್ವು, ಒಬ್ಬರೂ ತಗೊಳ್ಳಾಕತ್ತಿರಲಿಲ್ಲ. ಎಲ್ಲಾರೂ ನನ್ನ ಕಾಲೇ ನೋಡಾಕತ್ತಿದ್ರು.

ಕಡೀಕ ಚಿತ್ರ ಅಲುಗಾಡ್ತು. ಅಜ್ಜಿ ಕಣ್ಣು ಒರಸ್ಕೊಂಡು, ಫೋನ್ ಹತ್ತಿರ ಹಿಡಿದು, ಎರಡೂ ಕಾಲು ಬೆರಳು ಸಮೇತ ನೋಡಿದ್ಲು. ಉಸಿರು ಬಿಟ್ಲು.

ನಾ ಕಾಲು ಮ್ಯಾಲಿಟ್ಕೊಂಡೇ ಕೇಳಿದೆ, "ಅಜ್ಜಿ, ಈಗರ ಬರ್ತೀಯೋ ಇಲ್ಲೋ? ಅತ್ತಿ ಕಾಯಾಕತ್ತಾಳ."

ಅಜ್ಜಿ ಸೆರಗು ಸರಿ ಮಾಡ್ಕೊಂಡ್ಲು.

"ಬರ್ತೀನವಾ. ಮಗಳ ಸಲುವಾಗಿ ವಿಮಾನದಾಗೇ ಬರ್ತೀನಿ. ಆದ್ರ ಇಳಿದ ಮ್ಯಾಗ ಹಿಂಗ ಕಾಲ ಎತ್ತಿ ತೋರಸೋದೈತೆಲ್ಲ, ಅದೊಂದು ನನಗ ಬ್ಯಾಡಂತ ಅಲ್ಲಿಯವರಿಗೆ ಹೇಳಿಡ್ರಿ. ನಾ ಸೀರಿ ಉಟ್ಟಾಕಿ!"